ಹಣಮಂತರಾಯನ ಆಂಪ್ಲಿ

ಲೈಟ್ ಹೋಗಿದ್ದು ಛಲೋ ಆತು. ಬ್ಯಾಟರಿ ಹಚ್ಚಬ್ಯಾಡ್ರಿ... ಇರಲಿ ಹಿಂಗೇ. ಇದನ್ನ ಬೆಳಕಿನಾಗ ಹೇಳಿದ್ರ ಮಂದಿ ನಗ್ತಾರ. ಆದ್ರ ಇದು ಅಲ್ಲಿ ಇಲ್ಲಿ ಕೇಳಿದ್ದಲ್ಲ. ನಮ್ಮ ಕಾಕಾನ ಮಗ ಕಪಿಲಗ ಆಗಿದ್ದು. ವಾಡಿ ಸ್ಟೇಶನ್ ಹಿಂದ ಅವನ ಅಂಗಡಿ ಇನ್ನೂ ಅದ.

ಹ್ವಾದ ವರ್ಷ, ಶಿವರಾತ್ರಿ ಆಗಿ ನಾಕೈದು ದಿನ ಆಗಿರಬೇಕು. ರಾತ್ರಿ ಹನ್ನೊಂದು ದಾಟಿತ್ತು. ಕಪಿಲ ರಾವೂರದಿಂದ ವಾಡಿಗೆ ಒಬ್ಬನೇ ನಡಕೋತ ಬರಾಕತ್ತಿದ್ದ. ಆಟೋ ಸಿಕ್ಕಿರಲಿಲ್ಲ. ಹೆಗಲಿಗೊಂದು ಚೀಲ. ಹೆಜ್ಜಿ ಇಟ್ಟಂಗೆಲ್ಲ ಚೀಲದೊಳಗ ಇಕ್ಕಳ ಹೋಗಿ ಸ್ಕ್ರೂಡ್ರೈವರಿಗೆ ಬಡಿದು ಕಣ್... ಕಣ್... ಅಂತಿತ್ತು. ಅದೊಂದೇ ಸಪ್ಪಳ. ಫರಸಿ ಕಲ್ಲು ಕೊಯ್ಯೂ ಮಷೀನು ಎಲ್ಲ ಬಂದಾಗಿದ್ದವು. ನಾಯಿ ಸೈತ ಒದರಾಕತ್ತಿರಲಿಲ್ಲ.

ದಾರಿ ಬಾಜೂಕ ಒಂದು ಆಲದ ಗಿಡ, ಅದರ ಬುಡಕ ಹಾಳಬಾವಿ. ಅಲ್ಲಿಗೆ ಬಂದ. ಆಗ ಕೇಳಿಸ್ತು.

ಟಿಕ್.

ಉಗುರಿನಿಂದ ತೆಳ್ಳನ ತಗಡಿಗೆ ಒಮ್ಮೆ ಬಡಿದಂಗ. ಬಾವಿಯೊಳಗಿಂದಲ್ಲ... ಗಿಡದ ಮ್ಯಾಲಿಂದಲ್ಲ... ಅವನ ಬೆನ್ನ ಹಿಂದ, ಒಂದು ಮೊಳದ ದೂರದಾಗ.

ಕಪಿಲ ನಿಂತ. ಯಾಕಂದ್ರ ಆ ಸಪ್ಪಳ ಅವನಿಗೆ ಗೊತ್ತಿತ್ತು. ಒಂದು ತಾಸಿನ ಹಿಂದಷ್ಟೇ ಕೇಳಿದ್ದ.

ಅದು ಹೆಂಗ ಅಂತ ಮೊದಲು ಹೇಳ್ತೀನಿ. ಇಲ್ಲಂದ್ರ ನಿಮಗ ತಿಳಿಯಂಗಿಲ್ಲ.

ಕಪಿಲನ ಕೆಲಸ ಆಂಪ್ಲಿ, ಅಂದ್ರ ಆಂಪ್ಲಿಫಾಯರ್, ರಿಪೇರಿ. ಮದುವಿ ಮೆರವಣಿಗಿ ಡಿಜೆ ಅಲ್ಲ, ಮನಿಯಾಗ ಕುಂತು ಹಾಡು ಕೇಳೂ ಸ್ಟೀರಿಯೋ ಆಂಪ್ಲಿ. ಈಗ ಮಂದಿಗೆ ಮತ್ತ ಹಳೇ ಆಂಪ್ಲಿ ಹುಚ್ಚು ಹತ್ತ್ಯಾದ. ಯಾರರೆ ಒಂದನ್ನ ಕೊಳ್ಳೂ ಮುಂದ ಕಪಿಲನ್ನ ಕರಿಸ್ತಾರ. ಹೆಂಗ ಕಟ್ಟ್ಯಾರ, ಒಳಗ ಏನು ಹಾಕ್ಯಾರ, ಸೌಂಡ್ ಹೆಂಗದ... ಅವ ಎದುರಿಗೆ ಕುಂತು ಕಣ್ಣು ಮುಚ್ಚಿ ಕೇಳಿ ಒಂದು ಮಾತು ಅಂದ್ನಂದ್ರ ಮುಗೀತು. ಚಿತ್ತಾಪುರ, ಸೇಡಂ, ಶಹಾಬಾದ, ಎಲ್ಲಾ ಕಡೆ ಆ ಮಾತಿಗೆ ಕಿಮ್ಮತ್ತು. ಅವನಿಗೆ ಈ ಕೆಲಸ ಕಲಿಸಿದ ಉಸ್ತಾದ್ ಭಗವಂತ ಒಂದೇ ಮಾತು ಹೇಳಿಕೊಟ್ಟಿದ್ದ. "ಏನು ಕೇಳಿಸ್ತದ, ಅದನ್ನೇ ಹೇಳು. ಗಿರಾಕಿ ಮುಖ ನೋಡಿ ಹೇಳಬ್ಯಾಡ." ಕಪಿಲ ಹದಿನೈದು ವರ್ಷ ಹಂಗೇ ನಡಕೊಂಡಿದ್ದ.

ರಾವೂರದಿಂದ ಅಮೃತಮ್ಮ ಅನ್ನೂ ಮುದುಕಿ ಫೋನ್ ಮಾಡಿದ್ದಳು. ಗಂಡ ಹಣಮಂತರಾಯ ತೀರಿಕೊಂಡು ಮೂರು ವರ್ಷ. ಜೀವ ಇರೂ ಮಟ ಫ್ಯಾಕ್ಟರಿಯಾಗ ಕರೆಂಟಿನ ಕೆಲಸ ಮಾಡಿದವ. ಮನಿಯಾಗ ತಾನೇ ಕೈಯಾರೆ ಒಂದು ಆಂಪ್ಲಿ ಕಟ್ಟಿದ್ದ. ಅದನ್ನ ಯಾರಿಗರೆ ಕೊಡಬೇಕು, ಬಂದು ಕೇಳಿ ಹೇಳು ಅಂದಳು.

"ರಾತ್ರಿ ಬಾ ತಮ್ಮಾ. ಹಗಲಿನಾಗ ಫರಸಿ ಮಷೀನು ಕರೆಂಟ್ ಜಗ್ಗಾಡ್ತಾವ. ನಿನಗ ಬರೋಬ್ಬರಿ ಕೇಳಿಸಂಗಿಲ್ಲ."

ಮಾತು ಖರೇನೇ ಇತ್ತು. ಒಂಬತ್ತಕ್ಕ ಹೋದ.

ನಡುಮನಿಯಾಗ ಗ್ವಾಡಿಗೆ ಆಂಪ್ಲಿ. ಅತ್ಲಾಗೊಂದು ಇತ್ಲಾಗೊಂದು ಎದಿಮಟ ಬರೂ ಸ್ಪೀಕರ್ ಬಾಕ್ಸ್. ಎದುರಿಗೆ, ಎರಡಕ್ಕೂ ಸರಿಯಾಗಿ ನಡುವ, ಒಂದು ಕಟಗಿ ಕುರ್ಚಿ. ಕುರ್ಚಿ ಕಾಲು ಊರಿದಲ್ಲಿ ನೆಲದ ಕಲ್ಲು ತಗ್ಗು ಬಿದ್ದಿತ್ತು. ಅಮೃತಮ್ಮ ಒಳಗ ಬರಲಿಲ್ಲ. ಹೊಸ್ತಿಲ ಹೊರಗ ಗ್ವಾಡಿಗಾತು ಕುಂತಳು. ಕಪಿಲ ಏನರೆ ಅಂದ್ರ ಬಲಗಿವಿ ಮುಂದ ಮಾಡಿ ಕೇಳ್ತಿದ್ದಳು.

ಕಪಿಲ ಮೊದಲು ಎತ್ತಿ ನೋಡಿದ. ಇಪ್ಪತ್ತು ಕಿಲೋಕ್ಕ ಕಡಿಮಿ ಇರಲಿಲ್ಲ. ಮುಂದಿನ ಪಟ್ಟಿ ಅರ್ಧ ಬೆರಳು ದಪ್ಪ ಅಲ್ಯೂಮಿನಿಯಂ, ಅಂಚಿಗೆ ಅರ ಹಚ್ಚಿ ತಿಕ್ಕಿದ್ದು. ವಾಲ್ಯೂಮ್ ಗುಂಡಿ ತಿರುವಿದ... ಬೆಣ್ಣಿಯಾಗ ಬೆರಳು ತಿರುವಿದಂಗ. ಎಲ್ಲೂ ಖರ್ರ್ ಅನ್ನಲಿಲ್ಲ. ಮುಚ್ಚಳ ಬಿಚ್ಚಿದ. ಬಿಚ್ಚಿ ಬಗ್ಗಿ ನೋಡಿದ. ಎಡಕ್ಕೊಂದು, ಬಲಕ್ಕೊಂದು, ಬ್ಯಾರೆ ಬ್ಯಾರೆ ಟ್ರಾನ್ಸ್‌ಫಾರ್ಮರ್. ವೈರು ಎಲ್ಲ ಮೇಣ ತಿಕ್ಕಿದ ದಾರದಿಂದ ಹೆಳಲು ಹೆಣೆದಂಗ ಕಟ್ಟಿದ್ದ. ಒಂದೊಂದು ಬೆಸಗೀನೂ ಜ್ವಾಳದ ಕಾಳಿನಂಗ ದುಂಡಗ, ಮಿರಿಮಿರಿ. ಫಾರಿನ್ ಮಾಲಿನಾಗೂ ಇಂಥ ಕೈಕೆಲಸ ಕಂಡಿರಲಿಲ್ಲ ಅವ.

"ಕಟ್ಟಾಕ ಎಷ್ಟು ದಿನ ಹಿಡೀತ್ರಿ ಅಮ್ಮಾರ?"

"ಹನ್ನೊಂದು ವರ್ಷ," ಅಂದಳು ಅಮೃತಮ್ಮ. "ಕಟ್ಟೂದು... ನನ್ನ ಕುಂದ್ರಿಸಿ ಕೇಳಿಸೂದು... ಬಿಚ್ಚೂದು. ಮತ್ತ ಕಟ್ಟೂದು."

ಕಪಿಲ ಚಾಲೂ ಮಾಡಿದ. ಒಳಗ ರಿಲೇ ಟಕ್ ಅಂತು. ಬಾಕ್ಸಿಗೆ ಕಿವಿ ಹಚ್ಚಿದ. ಗುಂಯ್ ಇಲ್ಲ. ಸುಂಯ್ ಇಲ್ಲ. ಚಾಲೂ ಆಗ್ಯಾದೋ ಇಲ್ಲೋ ತಿಳಿಯದಷ್ಟು ನಿಶ್ಶಬ್ದ.

ಪರೀಕ್ಷಾ ಮಾಡಾಕ ಅವನ ಫೋನಿನಾಗ ಒಂದು ರೆಕಾರ್ಡಿಂಗ್ ಇತ್ತು. ವಾಡಿ ಜಂಕ್ಷನ್‌ದಾಗ ಬೆಳಗಿನ ಜಾವ ಎರಡು ಮೈಕ್ ಇಟ್ಟು ತಾನೇ ಹಿಡಿದಿದ್ದು. ಗೂಡ್ಸ್ ಗಾಡಿ ಎಡಕಿನಿಂದ ಬಲಕ್ಕ ಹೋಗ್ತದ. ಡಬ್ಬಿ ಡಬ್ಬಿ ಜಗ್ಗೂ ಘಣಲ್... ಗಾಲಿ ಹಳಿಯ ಸಂದು ದಾಟೂ ಟಕಟಕ್, ಟಕಟಕ್... ಕಡೀಕ ದೂರದ ಸೀಟಿ. ಸಾವಿರ ಸಲ ಕೇಳಿದ್ದ. ಅದರಾಗ ಏನೇನದ ಅಂತ ಬಾಯಿಪಾಠ ಇತ್ತು ಅವನಿಗೆ.

ಕುರ್ಚಿ ಮ್ಯಾಲ ಕುಂತು ಕಣ್ಣು ಮುಚ್ಚಿದ.

ಗಾಡಿ ಬಂತು. ಬಾಕ್ಸು ಇಲ್ಲಂಗಾದವು, ಮನಿ ಇಲ್ಲಂಗಾತು. ಪ್ಲಾಟಫಾರಂ ಮ್ಯಾಲೇ ನಿಂತಾನ. ಕಬ್ಬಿಣದ ತೂಕ ಎದಿಗೆ ಬಂದು ತಾಗ್ತದ. ಯಾವ ಗಾಲಿ ಎಲ್ಲದ ಅಂತ ಬೊಟ್ಟು ಮಾಡಿ ತೋರಿಸಬಹುದು. ಜನ್ಮದಾಗ ಇಂಥ ಸೌಂಡ್ ಕೇಳಿರಲಿಲ್ಲ.

ಅದರ ನಡುವ, ಎಡಕ್ಕ... ಟಿಕ್.

ಬೆನ್ನಿಗೇ ಒಬ್ಬ ಗಂಡಸಿನ ಸಣ್ಣ ದನಿ. "ಯಾವ ಕಡೆ?"

ಕಪಿಲಗ ಹೆದರಿಕಿ ಆಗಲಿಲ್ಲ. ಖುಷಿ ಆತು. ಪ್ಲಾಟಫಾರಂ ಮ್ಯಾಲ ಯಾರೋ ಗಾಡಿ ಯಾವ ಕಡೆ ಅಂತ ಕೇಳಿರಬೇಕು, ಅದು ರೆಕಾರ್ಡಿಂಗಿನಾಗ ಹುಗಿದಿತ್ತು, ಬ್ಯಾರೆ ಯಾವ ಆಂಪ್ಲಿನೂ ಅದನ್ನ ಹೊರಗ ತಂದಿರಲಿಲ್ಲ... ಹಂಗ ತಿಳಕೊಂಡ. ನಕ್ಕೋತ, ತನ್ನಷ್ಟಕ್ಕ ತಾನೇ ಅಂದ, "ಎಡಕ್ಕ."

"ಹಾಂ... ಇನ್ನೊಮ್ಮೆ."

ಕಪಿಲ ಕಣ್ಣು ತೆಗೆದ. ಗಾಡಿ ಹೋಗಿತ್ತು. ರೆಕಾರ್ಡಿಂಗ್ ಮುಗಿದು ಫೋನ್ ಕರ್ರಗಾಗಿತ್ತು. ಆ ಮಾತು ಬಂದಿದ್ದು ಎಲ್ಲ ಮುಗಿದ ಮ್ಯಾಲ.

ಎದ್ದು ಪ್ಲಗ್ ಕಿತ್ತ. ಹೊಸ್ತಿಲದಾಗ ಅಮೃತಮ್ಮ ಅವನನ್ನೇ ನೋಡಾಕತ್ತಿದ್ದಳು.

"ಕೇಳಿದನೇನು?" ಪಿಸುಮಾತಿನಾಗ ಅಂದಳು.

ಕಪಿಲ ಕೈಯಾಗಿನ ಪ್ಲಗ್ ನೋಡಿದ.

"ಏನಂದಿ ನೀ?"

"ಎಡಕ್ಕ ಅಂದೆ."

"ಖರೇನೇ ಎಡಕ್ಕಿತ್ತೇನು?"

"ಹೌದ್ರಿ."

ಮುದುಕಿ ಉಸಿರು ಬಿಟ್ಟಳು. "ಹಂಗಾರ ಇನ್ನಾ ಮುಗಿದಿಲ್ಲ ತಮ್ಮಾ. ಹೋಗು ನೀ. ದಾರಿ ಮ್ಯಾಲ ಕೇಳ್ತಾನ."

ಕಪಿಲ ಚೀಲ ಹೆಗಲಿಗೇರಿಸಿ ಹೊರಬಿದ್ದ. ಹಂಗ ಬಂದವ ಆ ಬಾವಿ ಹಂತೇಕ ನಿಂತಿದ್ದು.

ಟಿಕ್... ಬೆನ್ನ ಹಿಂದ.

"ಯಾವ ಕಡೆ?"

ಸಪ್ಪಳ ಎಡಕ್ಕೂ ಇರಲಿಲ್ಲ, ಬಲಕ್ಕೂ ಇರಲಿಲ್ಲ. ಹದಿನೈದು ವರ್ಷದ ರೂಢಿ... ಕೇಳಿದ್ದನ್ನೇ ಹೇಳಿದ.

"ಹಿಂದ."

ಫಟ್.

ಅಂಗೈ ಅಗಲ ಮಾಡಿ ಕಿವಿ ಮ್ಯಾಲೇ ಕೊಟ್ಟ ಏಟು. ಕಪಿಲ ಬಾವಿ ಕಟ್ಟಿಗೆ ಹೋಗಿ ಬಿದ್ದ. ಎಡಗಿವಿಯಾಗ ಕುಯ್ಯ್... ಅಂತ ಒಂದು ಸಪ್ಪಳ ಎದ್ದು, ಸಣ್ಣಗಾಗುತ್ತ ಸಣ್ಣಗಾಗುತ್ತ ಬಂದು, ನಿಂತೇ ಹೋಯ್ತು. ಆಮ್ಯಾಲ ಆ ಕಡೆ ಏನೂ ಇಲ್ಲ. ತಲಿಯ ಅರ್ಧ ಭಾಗ ಕಲ್ಲಾದಂಗ.

ಮನಿಗೆ ಬಂದಾಗ ಹೆಂಡತಿ ಕರುಣಾ ನೋಡಿದ್ಲು. ಕಿವಿಯಿಂದ ಕುತ್ತಿಗಿ ಮಟ ರಕ್ತ ಹೆಪ್ಪುಗಟ್ಟಿತ್ತು. ಏನಾತು ಅಂದ್ರ ಬಿದ್ದೆ ಅಂದ. ಗಲ್ಲದ ಮ್ಯಾಲ ಐದೂ ಬೆರಳು ಎದ್ದಿದ್ದವು. ಆಕಿ ಬಟ್ಟಿಯಿಂದ ರಕ್ತ ಒರೆಸಿದಳು. ಮರುದಿನ ಕಲಬುರಗಿಗೆ ಕರಕೊಂಡು ಹೋದಳು. ಡಾಕ್ಟರು ನೋಡಿ, ಕಿವಿ ಪರದಾ ಹರದದ, ಒಳಗಿನ ನರಾನೂ ಹೋಗ್ಯದ, ಇದು ತಿರುಗಿ ಬರಂಗಿಲ್ಲ ಅಂದ್ರು.

ಸಂಜೀಕ ಹೊಳ್ಳಿ ಬಂದ್ರ ಅಂಗಡಿ ಕಟ್ಟಿ ಮ್ಯಾಲ ಆ ಆಂಪ್ಲಿ, ಆ ಎರಡು ಬಾಕ್ಸ್. ರಾವೂರದಿಂದ ಟಂಟಂ ಗಾಡಿಯಾಗ ಹಾಕಿ ಕಳಿಸ್ಯಾರ ಅಂತ ಬಾಜೂ ಅಂಗಡಿಯವ ಹೇಳಿದ.

ಕಪಿಲ ಅದೇ ಕಾಲಿಗೆ ರಾವೂರಕ್ಕ ಹೋದ. ಅಮೃತಮ್ಮ ಅಂಗಳದಾಗ ತಲಿ ಬಾಚಿಕೋತ ಕುಂತಿದ್ದಳು. ಮುಖ ತೊಳೆದಂಗಿತ್ತು. ಒಂದೇ ರಾತ್ರಿಯಾಗ ಹತ್ತು ವರ್ಷ ಇಳಿದಂಗ ಕಂಡಳು.

"ಕುಂದ್ರು," ಅಂದಳು. "ಎಡಗಿವಿ ಹೋಯ್ತೇನು? ನನ್ನದೂ ಅದೇ ಮೊದಲ ಹೋಗಿದ್ದು. ಇಪ್ಪತ್ತೆರಡು ವರ್ಷ ನನಗ ಆವಾಗ."

ಆಮ್ಯಾಲ ಹೇಳಿದಳು. ಹಣಮಂತರಾಯನಿಗೆ ಆಂಪ್ಲಿ ಬಿಟ್ಟ್ರ ಬ್ಯಾರೆ ಜಗತ್ತಿರಲಿಲ್ಲ. ದಿನಾ ರಾತ್ರಿ ಹೆಂಡತಿನ್ನ ಆ ಕುರ್ಚಿ ಮ್ಯಾಲ ಕುಂದ್ರಿಸ್ತಿದ್ದ. ಒಂದು ಬಾಕ್ಸಿನಾಗ ಟಿಕ್ ಅಂತ ಸಪ್ಪಳ ಬಿಡಾವ, ಯಾವ ಕಡೆ ಅಂತ ಕೇಳಾವ. ಎಡ ಇಲ್ಲಾ ಬಲ, ಬ್ಯಾರೆ ಏನಂದ್ರೂ ಅವನಿಗೆ ಅದು ತಪ್ಪೇ. ತನ್ನ ಕಿವಿ ತಾನು ನಂಬ್ತಿರಲಿಲ್ಲ. ಆಕಿ ತಪ್ಪು ಹೇಳಿದ್ರ ಅಂಗೈಲೇ ಕಿವಿಗೆ ಒಂದು ಏಟು. ಖರೇ ಹೇಳಿದ್ರ, ಇನ್ನೊಮ್ಮೆ.

"ಖರೇ ಹೇಳಿದಷ್ಟು ದಿನ ಬೆಳತನಕ ಏಳಗೊಡಲಿಲ್ಲ. ಅಡಗಿ ಮಾಡಬೇಕು, ನೀರು ತರಬೇಕು, ನಿದ್ದಿ ಇಲ್ಲ. ಆಮ್ಯಾಲ ತಿಳೀತು ನನಗ. ತಪ್ಪು ಹೇಳಿದ್ರ ಒಂದು ಏಟು, ಅಲ್ಲಿಗೆ ಅವತ್ತಿಂದು ಮುಗೀತು. ಬೇಕಂತಲೇ ತಪ್ಪು ಹೇಳೂದು ಕಲಿತೆ. ಎಡಗಿವಿ ಹೋಯ್ತು. ಬಲಕಿಂದು ಅರ್ಧ ಉಳದದ."

"ಸತ್ತಾನಲ್ರಿ ಈಗ."

"ಆ ಆಲದ ಗಿಡದ ಬಾವಿಯಾಗ ಬಿದ್ದು ಸತ್ತ, ಕರೀ ರಬ್ಬರ್ ಚಪ್ಪಲಿ ಕಾಲಾಗೇ ಇದ್ದವು. ಸತ್ತ ದಿನ ರಾತ್ರೀನೂ ಕೇಳಿದ," ಅಂದಳು ಅಮೃತಮ್ಮ. "ಕುರ್ಚಿ ಮ್ಯಾಲ ಕುಂದ್ರಬೇಕಂತಿಲ್ಲ ಈಗ. ಹಾಸಗಿಗೇ ಬರ್ತಾನ. ಬ್ಯಾರೆ ಯಾರರೆ ಅವನಿಗೆ ಉತ್ತರ ಕೊಟ್ಟ್ರ ಹಿಂದಿನವರನ್ನ ಬಿಡ್ತಾನ. ಅದಕ್ಕ ನಿನ್ನ ಕರಿಸಿದೆ." ಹಣಗಿಯಿಂದ ಕೂದಲು ಬಿಡಿಸಿದಳು. "ನಿನ್ನೆ ರಾತ್ರಿ ಮಲಗೀನಿ ತಮ್ಮಾ. ಹೊತ್ತು ಏರೂ ಮಟ ಮಲಗೀನಿ. ನನಗ ಪಾಪ ಅನಿಸ್ತದೇನೋ ಅಂದಿದ್ದೆ... ಅನಿಸಲಿಲ್ಲ. ನಿನಗೂ ಅನಿಸಂಗಿಲ್ಲ, ನೋಡು."

ಆ ರಾತ್ರಿ ಕಪಿಲ ಅಂಗಡಿ ಕೀಲಿ ಹಾಕಿ, ಮನಿಯಾಗ ಹೆಂಡತಿ ಬಾಜೂಕ ಮಲಗಿದ್ದ. ಎರಡರ ಸುಮಾರು... ಟಿಕ್.

"ಯಾವ ಕಡೆ?"

ಇಲ್ಲೊಂದು ಮಾತು ತಿಳಕೊಳ್ರಿ. ಎರಡು ಕಿವಿ ಇದ್ರ ಸಪ್ಪಳ ಎಡಕಿಂದೋ ಬಲಕಿಂದೋ ತಿಳೀತದ. ಒಂದೇ ಕಿವಿ ಇದ್ದವನಿಗೆ ಎಲ್ಲಾ ಸಪ್ಪಳ ಆ ಕಿವಿ ಕಡೆಯಿಂದಲೇ ಬಂದಂಗ ಕೇಳಿಸ್ತದ. ಇಡೀ ಸೀಮಿಯಾಗ ಸೌಂಡಿನ ದಿಕ್ಕು ಹೇಳೂದ್ರಾಗ ಕಪಿಲನ್ನ ಮೀರಿಸಿದವರಿರಲಿಲ್ಲ. ಈಗ ಕತ್ತಲಿನಾಗ ಕಲ್ಲು ಒಗೆದಂಗ ಒಂದು ಮಾತು ಒಗೀತಿದ್ದ. ಉಳಿದಿದ್ದು ಒಂದೇ ಕಿವಿ, ಅದೂ ಹೋದ್ರ ಅಂಗಡಿ ಇಲ್ಲ, ಹೆಸರಿಲ್ಲ.

"ಬಲಕ್ಕ," ಅಂದ.

"ಹಾಂ... ಇನ್ನೊಮ್ಮೆ."

ಮೂರು ಸಲ ಖರೇ ಬಂತು. ನಾಕನೇದಕ್ಕ ತಪ್ಪಿತು. ಫಟ್. ಈ ಸಲ ಬಲಕ್ಕ. ಕರುಣಾ ಎದ್ದು ಲೈಟ್ ಹಾಕಿದಳು. ಗಂಡ ಬಲಗಿವಿ ಮುಚ್ಚಿಕೊಂಡು ಮಣಕಾಲಿನಾಗ ತಲಿ ಇಟ್ಟು ಕುಂತಿದ್ದ. "ಮಾತಾಡು," ಅಂದ ಅವ. "ಏನರೆ ಮಾತಾಡು, ಕೇಳಿಸ್ತದೇನು ನೋಡ್ತೀನಿ." ಕೇಳಿಸ್ತು, ಆದ್ರ ಗ್ವಾಡಿ ಆಚೆಯಿಂದ ಬಂದಂಗ.

ಹಿಂಗ ಐದು ರಾತ್ರಿ.

ಆರನೇ ದಿನ ಮುಂಜಾನೆ ಉಸ್ತಾದ್ ಭಗವಂತನ ಫೋನ್ ಬಂತು. ಶಹಾಬಾದದಾಗಿನ ಅಂಗಡಿ ಬಿಟ್ಟು ಅವ ಹೆಂಡತಿ ಯಂಕಮ್ಮನ ಊರು ಕುಂಚಾವರಂ ಸೇರಿ ಹತ್ತು ವರ್ಷ ಆಗಿತ್ತು. ಅಡವಿ ಬಾಜೂಕ ಮನಿ, ಎಪ್ಪತ್ತು ದಾಟಿದ ವಯಸ್ಸು. ಕಿವಿ ಮಾತ್ರ ಹರೇದವರದು. ಮಳಿ ಬರೂ ಮುಂದ ಎಷ್ಟು ಮೈಲಿ ದೂರದಾಗ ಗುಡುಗ್ಯಾದ ಅಂತ ಹೇಳ್ತಿದ್ದ.

"ಕಪಿಲಾ, ರಾವೂರದ ಹಣಮಂತರಾಯಂದು ಆಂಪ್ಲಿ ನಿನ್ನ ಹಂತೇಕ ಬಂದದಂತಲ್ಲ. ಅವ ಕಟ್ಟಾಕತ್ತಿದ್ದು ನಾ ಆವಾಗೇ ಕೇಳಿದ್ದೆ. ಒಂದು ದಿನಾನೂ ಯಾರಿಗೂ ತೋರಿಸಲಿಲ್ಲ ಆ ಮನಷ್ಯಾ. ಸಾಯೂದ್ರೊಳಗ ಒಮ್ಮೆ ಅದನ್ನ ಕೇಳಬೇಕಂತಿದ್ದೆ. ಹೆಂಗದ?"

ಕಪಿಲ ಬಲಗಿವಿಗೆ ಫೋನ್ ಒತ್ತಿ ಹಿಡಿದಿದ್ದ. ಉಸ್ತಾದ್‌ನ ದನಿ ನೀರಿನಾಗ ಮುಳುಗಿದಂಗ ಬರಾಕತ್ತಿತ್ತು.

"ಭಾಳ ಛಲೋ ಕಟ್ಟ್ಯಾನ್ರಿ ಉಸ್ತಾದ್," ಅಂದ. "ಎಡ ಬಲ ಎರಡಕ್ಕೂ ಬ್ಯಾರೆ ಟ್ರಾನ್ಸ್‌ಫಾರ್ಮರ್. ಕೈಕೆಲಸ ನೋಡಿದ್ರ ನೀವು ಖುಷಿ ಆಗ್ತೀರಿ."

"ಅದು ಬಿಡೋ. ಸೌಂಡಿನಾಗ? ಏನರೆ ಕುಂದದೇನು?"

ಕಪಿಲ ಒಂದು ಗಳಿಗಿ ಸುಮ್ಮನಾದ. ಆ ಒಂದು ಗಳಿಗಿ ಮಾತ್ರ ಅವ ನನಗ ಹೇಳೂ ಮುಂದ ಎರಡೆರಡು ಸಲ ಹೇಳಿದ.

"ಏನೂ ಇಲ್ರಿ. ಸ್ವಚ್ಛ ಅದ."

ಮರುದಿನವೇ ಗಾಡಿ ಮಾಡಿಕೊಂಡು ಚಿತ್ತಾಪುರ, ಸೇಡಂ, ಚಿಂಚೋಳಿ ಮ್ಯಾಲ ಹಾದು ಕುಂಚಾವರಂಕ್ಕ ಹೋದ. ಸಂಜಿ ಆಗಿತ್ತು. ಯಂಕಮ್ಮ ಚಹಾ ಕೊಟ್ಟಳು. ಭಗವಂತ ಚಹಾ ಮುಟ್ಟಲಿಲ್ಲ. ಕನ್ನಡಕ ಹಾಕಿಕೊಂಡು ಮುಚ್ಚಳ ಬಿಚ್ಚಿ ಕುಂತ. ಒಂದೊಂದು ಬೆಸಗಿ ಮ್ಯಾಲೂ ಬೆರಳಾಡಿಸಿದ. "ನೋಡು, ನೋಡು ಇಲ್ಲಿ," ಅಂತಿದ್ದ. "ಎಷ್ಟು ತಾಳ್ಮಿ ಇರಬೇಕು ಇದಕ್ಕ. ಒಳ್ಳೆ ಮನಷ್ಯಾ ಇರಬೇಕವ."

ಕಪಿಲ ಬಾಕ್ಸ್ ಇಟ್ಟ, ವೈರ್ ಹಚ್ಚಿದ, ನಡುವ ಉಸ್ತಾದ್‌ನ ಕುರ್ಚಿ ಇಟ್ಟ. ಗೂಡ್ಸ್ ಗಾಡಿಯ ರೆಕಾರ್ಡಿಂಗ್ ಹಚ್ಚಿ, ತಾನು ಬಾಗಿಲ ಹೊರಗ ಹೋಗಿ ಕುಂತ. ಹೊಸ್ತಿಲ ಹೊರಗ, ಗ್ವಾಡಿ ಹಿಡಕೊಂಡು.

ಗಾಡಿ ಹೊಂಟಿತು. ಭಗವಂತ ಕಣ್ಣು ಮುಚ್ಚಿದ್ದ, ಮುಖದ ಮ್ಯಾಲ ನಗಿ. ಆಮ್ಯಾಲ ಹುಬ್ಬು ಮ್ಯಾಲೆತ್ತಿದ.

"ಕಪಿಲಾ, ಇದರಾಗ ಯಾರೋ ಏನೋ ಕೇಳಾಕತ್ತಾರಲ್ಲೋ."

"ಯಾವ ಕಡೆ ಅದ್ರಿ ಹೇಳ್ರಿ ಉಸ್ತಾದ್," ಅಂದ ಕಪಿಲ.

"ಬಲಕ್ಕ," ಅಂದ ಭಗವಂತ. "ನೆಲದಿಂದ ಒಂದು ಗೇಣು ಮ್ಯಾಲ."

"ಹಾಂ... ಇನ್ನೊಮ್ಮೆ."

ಕಪಿಲ ಎದ್ದ. ಬಾಡಿಗಿ ಗಾಡಿಯವ ನಿಂದ್ರಂಗಿಲ್ಲ ಅಂತಾನ, ಹೋಗಬೇಕು ಅಂದ. ಯಂಕಮ್ಮ ಉಂಡು ಹೋಗು ಅಂದ್ರೂ ನಿಲ್ಲಲಿಲ್ಲ. ಆ ರಾತ್ರಿ ವಾಡಿಯಾಗ ಮಲಗಿದ. ಹೊತ್ತು ಏರೂ ಮಟ ಮಲಗಿದ. ಎದ್ದು ಪಾಪ ಅನಿಸ್ತದೇನು ನೋಡಿಕೊಂಡ... ಅನಿಸಲಿಲ್ಲ. ಹಸಿವಿ ಆಗಿತ್ತು.

ಯಂಕಮ್ಮನ ಫೋನ್ ಬಂದಿದ್ದು ಒಂಬತ್ತನೇ ದಿನ.

"ತಮ್ಮಾ, ನೀ ಹೋದಾಗಿಂದ ಅವರು ಕುರ್ಚಿ ಬಿಟ್ಟು ಎದ್ದಿಲ್ಲ. ಹಗಲೆಲ್ಲ ಕುಂತಲ್ಲೇ ಕುತ್ತಿಗಿ ಇಳಿಬಿಟ್ಟು ಕುಂದ್ರತಾರ, ರಾತ್ರಿ ಆದ್ರ ಸುರು. ಎಡಕ್ಕ, ಬಲಕ್ಕ, ಎಡಕ್ಕ, ಬಲಕ್ಕ ಅಂತಾರ. ನಿದ್ರ ಲೇದು, ಅನ್ನ ಲೇದು, ಏನೂ ಇಲ್ಲ. ಒಂದು ಸಲ ಬಂದು ನೋಡು."

ಕಪಿಲ ಮುಟ್ಟಿದಾಗ ಕತ್ತಲಾಗಿತ್ತು. ಭಗವಂತ ಕುರ್ಚಿಯಾಗ ಇದ್ದ. ಎಪ್ಪತ್ತರ ಮನಷ್ಯಾ ತೊಂಬತ್ತಾಗಿದ್ದ. ತುಟಿ ಒಡೆದಿದ್ದವು. ಕಣ್ಣು ತೆರೆದೇ ಇದ್ದವು.

ಟಿಕ್.

ಕಪಿಲಗೂ ಕೇಳಿಸ್ತು.

"ಯಾವ ಕಡೆ?"

"ಎಡಕ್ಕ," ಅಂದ ಭಗವಂತ.

"ಹಾಂ... ಇನ್ನೊಮ್ಮೆ."

ಕಪಿಲ ಹೋಗಿ ಪ್ಲಗ್ ಕಿತ್ತ. ಆಂಪ್ಲಿ ಅಂಗಳಕ್ಕ ಎಳಕೊಂಡು ಹೋಗಿ ಹಾರಿಯಿಂದ ಹೊಡೆದ. ಆ ಮಿರಿಮಿರಿ ಬೆಸಗಿ, ಹೆಳಲಿನಂಗ ಕಟ್ಟಿದ ವೈರು, ಎಲ್ಲ ಮಣ್ಣಿನಾಗ ಚೂರಾಗಿ ಬಿತ್ತು. ಒಳಗ ಹೊಳ್ಳಿ ಬಂದ. ಬಾಕ್ಸಿನ ವೈರು ಗಾಳಿಯಾಗ ಜೋತಾಡಾಕತ್ತಿದ್ದವು.

ಟಿಕ್.

"ಯಾವ ಕಡೆ?"

"ಬಲಕ್ಕ."

"ಉಸ್ತಾದ್," ಕಪಿಲ ಅವನ ಕಾಲ ಹಂತೇಕ ಕುಂತ. "ತಪ್ಪು ಹೇಳ್ರಿ. ಒಂದು ಸಲ ತಪ್ಪು ಹೇಳಿದ್ರ ಅವತ್ತಿಂದು ಮುಗೀತದ. ಒಂದು ಏಟು ಅಷ್ಟೇ. ಮಲಗಬಹುದು ನೀವು."

ಭಗವಂತ ನಿಧಾನ ಅವನ ಕಡೆ ನೋಡಿದ. "ನಿನಗ ಗೊತ್ತಿತ್ತೇನೋ?"

ಕಪಿಲ ತಲಿ ತಗ್ಗಿಸಿದ.

"ಫೋನಿನಾಗ ಏನೂ ಇಲ್ಲ ಅಂದಿದ್ದಿ."

ಟಿಕ್. ಯಾವ ಕಡೆ. ಎಡಕ್ಕ. ಇನ್ನೊಮ್ಮೆ.

"ತಪ್ಪು ಹೇಳೂಣಂತೇ ಬಾಯಿ ತೆಗೀತೀನಿ ಕಪಿಲಾ," ಅಂದ ಭಗವಂತ. ದನಿ ಒಣ ಎಲಿಯಂಗ ಇತ್ತು. "ಖರೇನೇ ಬರ್ತದ. ಐವತ್ತು ವರ್ಷ ಬ್ಯಾರೆ ಏನೂ ಹೇಳಿಲ್ಲ ಈ ಬಾಯಿ. ಹೊಳ್ಳವಲ್ಲದು. ನೀ ಹೆಂಗ ಸುಳ್ಳು ಹೇಳಿದ್ಯೋ ಮಾರಾಯಾ?"

ಅದನ್ನ ಸಿಟ್ಟಿನಿಂದ ಕೇಳಲಿಲ್ಲ. ಖರೇನೇ ತಿಳಕೊಳ್ಳಾಕ ಕೇಳಿದ.

ನಡುರಾತ್ರಿ ದಾಟಿತು. ಯಂಕಮ್ಮ ಗ್ವಾಡಿಗೆ ತಲಿ ಇಟ್ಟು ಕುಂತಲ್ಲೇ ಜೋಂಪು ಹತ್ತಿದ್ದಳು. ಭಗವಂತ ಕೈ ಚಾಚಿ ಕಪಿಲನ ಭುಜ ಹಿಡಿದ. ಆ ಕೈಯಾಗ ತೂಕಾನೇ ಇರಲಿಲ್ಲ.

"ಒಂದು ಸಲ ನೀ ಹೇಳೋ," ಅಂದ. "ಒಂದೇ ಸಲ. ನಾ ಜರಾ ಕಣ್ಣು ಮುಚ್ತೀನಿ."

ಟಿಕ್.

"ಯಾವ ಕಡೆ?"

ಭಗವಂತ ಅವನನ್ನ ನೋಡಿದ. ಕಾದ.

ಎಡಕ್ಕ ಅಂದ್ರೂ ನಡೀತಿತ್ತು, ಬಲಕ್ಕ ಅಂದ್ರೂ ನಡೀತಿತ್ತು. ಬಾಯಿಂದ ಒಂದು ಮಾತು ಬಿದ್ದಿದ್ರ ಅದು ಹೊಳ್ಳಿ ಕಪಿಲನ ಹಿಂದ ಬರ್ತಿತ್ತು, ಮುದುಕ ಮಲಗ್ತಿದ್ದ. ಕಪಿಲಗ ಅದು ಗೊತ್ತಿತ್ತು. ಎಂಟು ದಿನದಾಗ ಅವನ ಬಲಗಿವಿ ಮೊದಲಿನಂಗ ಆಗಿತ್ತು. ಅಂಗಳದಾಗ ಎಲಿ ಬಿದ್ದಿದ್ದು ಸೈತ ಕೇಳಿಸ್ತಿತ್ತು.

ಬಾಯಿ ಮುಚ್ಚಿಕೊಂಡು ಕುಂತ.

"ಬಲಕ್ಕ," ಅಂದ ಭಗವಂತ, ಕಡೀಕ. ಭುಜದ ಮ್ಯಾಲಿನ ಕೈ ತೆಗೆದ. ಮತ್ತ ಅವನ ಕಡೆ ನೋಡಲಿಲ್ಲ.

ಬೆಳತನಕ ಹಿಂಗೇ ನಡೀತು. ಉತ್ತರ ಸಣ್ಣಗಾಗುತ್ತ ಬಂತು. ಎಡಕ್ಕ ಅನ್ನೂದು ಬರೀ ಎ... ಆತು. ಬಲಕ್ಕ ಅನ್ನೂದು ತುಟಿ ಅಲ್ಲಾಡಿಸೂದಾತು. ಆದ್ರೂ ಒಂದೂ ತಪ್ಪಲಿಲ್ಲ. ಮೂಡಣ ಬೆಳ್ಳಗಾಗೂ ಹೊತ್ತಿಗೆ...

ಟಿಕ್.

"ಯಾವ ಕಡೆ?"

ಭಗವಂತ ಏನೂ ಅನ್ನಲಿಲ್ಲ.

"ಯಾವ ಕಡೆ?"

ಕಣ್ಣು ತೆರೆದಿದ್ದವು. ಎದಿ ಏಳಾಕತ್ತಿರಲಿಲ್ಲ. ಕಪಿಲ ಎರಡೂ ಕೈಯಿಂದ ತನ್ನ ಬಾಯಿ ಒತ್ತಿ ಹಿಡಕೊಂಡ. ಎಲ್ಲಿ ರೂಢಿ ಮ್ಯಾಲ ಮಾತು ಬಿದ್ದೀತು ಅಂತ. ಉಸಿರು ಸೈತ ಬಿಡಲಿಲ್ಲ.

ಫಟ್.

ಸತ್ತ ಮುದುಕನ ತಲಿ ಬಲಕ್ಕ ಹೊಳ್ಳಿತು.

ಆ ಸಪ್ಪಳಕ್ಕ ಯಂಕಮ್ಮ ಎಚ್ಚರಾದಳು. "ಏನಾತು ತಮ್ಮಾ?" ಅಂದಳು. ಗಂಡನ ಮುಖ ನೋಡಿದಳು. ಗಲ್ಲದ ಮ್ಯಾಲ ಬೆರಳಿನ ಗುರುತು ನೋಡಿದಳು. ಆಮ್ಯಾಲ ಕಪಿಲನ ಕೈ ನೋಡಿದಳು. ಇವತ್ತಿನ ಮಟ ಆಕಿ ಉಸ್ತಾದ್‌ನ್ನ ಹೊಡೆದವ ಕಪಿಲನೇ ಅಂತ ತಿಳಕೊಂಡಾಳ. ಅವ ಅಲ್ಲ ಅಂತ ಹೇಳೂ ಗೊಡವಿಗೆ ಹೋಗಿಲ್ಲ.

ಸುದ್ದಿ ತಿಳಿದು ನಾನೂ ಕುಂಚಾವರಂಕ್ಕ ಹೋಗಿದ್ದೆ. ಮದ್ಯಾನದಾಗ ಮಣ್ಣು ಕೊಟ್ಟು ಬಂದ್ವಿ. ಶಹಾಬಾದ, ಚಿಂಚೋಳಿ ಕಡೆಯಿಂದ ಮೆಕ್ಯಾನಿಕ್ ಮಂದಿ ಭಾಳ ಬಂದಿದ್ರು. ಎಲ್ಲರೂ ಕಪಿಲಗೇ ಸಮಾಧಾನ ಹೇಳಿದ್ರು. ಉಸ್ತಾದ್‌ನ ಕಡೀ ರಾತ್ರಿ ನೀನೇ ಇದ್ದಿ, ಪುಣ್ಯವಂತ ನೀ ಅಂದ್ರು. ಅವ ಹೂಂ ಅಂದ.

ಈಗೂ ಅಂಗಡಿ ನಡಸ್ತಾನ. ಬಲಗಿವಿ ಭಾಳ ತೀಕ್ಷ್ಣ ಅದ, ಮಂದಿ ಇನ್ನೂ ಕರಿಸ್ತಾರ. ಇದೆಲ್ಲ ಅವ ನನಗ ಹೇಳಿದ್ದು ಒಂದು ದಿನ ಅಂಗಡಿಯಾಗ ಕುಂತು. ಅಳಲಿಲ್ಲ ಮಾಡಲಿಲ್ಲ. ಹೇಳಿ ಮುಗಿಸಿ, "ನಿದ್ದಿ ಛಲೋ ಬರ್ತದ ಅಣ್ಣಾ," ಅಂದ.

ನೀವು ನಂಬ್ರಿ, ಬಿಡ್ರಿ. ಅವ ಹೇಳಿದ್ದನ್ನ ಸುಳ್ಳು ಅಂತ ನಾನೂ ಅನ್ನಬಹುದಿತ್ತು. ಆದ್ರ ಅವತ್ತು ಒಂದು ನಾನೇ ನನ್ನ ಕಣ್ಣಿಂದ ನೋಡೀನಿ. ಮಣ್ಣು ಕೊಟ್ಟು ಬಂದು, ಎಲ್ಲರೂ ಚಪ್ಪಲಿ ಮೆಟ್ಟಿಕೊಂಡು ಹೋದ್ರು. ಒಬ್ಬೊಬ್ಬರನ್ನೂ ಬಸ್ಸಿಗೆ ಹತ್ತಿಸಿ ಬಂದೆ. ಮನಿಯಾಗ ಉಳಿದಿದ್ದು ಯಂಕಮ್ಮ ಒಬ್ಬಾಕಿ. ಹೊಸ್ತಿಲ ಹಂತೇಕ ಒಂದು ಜೋಡಿ ಗಂಡಸರ ಚಪ್ಪಲಿ ಉಳಿದಿದ್ದವು. ಕರೀ ರಬ್ಬರಿನವು, ಹಳೇವು. ಮುಖ ಒಳಗ ಮಾಡಿ ಬಿಟ್ಟಿದ್ದವು. ಯಂಕಮ್ಮನ್ನ ಕೇಳಿದೆ, ಯಾರವು ಇವು ಅಂತ. ಆಕಿ ನನಗೇನು ಗೊತ್ತಪ್ಪಾ ಅಂದಳು. ಬಾಜೂಕ ಸರಿಸೂಣಂತ ಕೈಯಾಗ ಹಿಡಿದೆ. ಆ ತಿಂಗಳು ಎಲ್ಲೂ ಒಂದು ಹನಿ ಮಳಿ ಇರಲಿಲ್ಲ...

ಎರಡೂ ತೊಯ್ದು ತಪ್ಪಡಿ ಆಗಿದ್ದವು.